ಸೋದರಮಾವಂದಿರ ಕಾರು

ಮದುಮಗಳನ್ನು ಛತ್ರಕ್ಕೆ ಕರೆತರುವುದು ಸೋದರಮಾವನ ಹಕ್ಕು. ಇವಳಿಗೋ ಸೋದರಮಾವಂದಿರು ಇಬ್ಬರು, ಮನೆ ಮುಂದೆ ಹೂ ಸುತ್ತಿಕೊಂಡು ನಿಂತ ಕಾರುಗಳೂ ಎರಡು. ನೆಂಟರ ಬಸ್ಸು ಆಗಲೇ ಹೊರಟುಹೋಗಿತ್ತು.

“ಇವಳಮ್ಮ ಧಾರೆಗೆ ಹೋಗಿದ್ದೂ ಇದೇ ಅಂಬಾಸಿಡರಲ್ಲಿ,” ಎಂದ ಅಣ್ಣ.

“ಎಸಿ ಇಲ್ವಲ್ಲಣ್ಣ, ಮೇಕಪ್ಪೆಲ್ಲ ಇಳಿದುಹೋಗುತ್ತೆ. ನನ್ನ ಎಸ್ಟೀಮಲ್ಲಿ ಬರಲಿ.”

“ಆ ಡಬ್ಬೀಲಿ ಬಗ್ಗಿ ಕೂತ್ರೆ ಮೊಗ್ಗಿನ ಜಡೆ ಚಪ್ಪಟೆಯಾಗುತ್ತೆ ಕಣೋ.”

ಬಾಗಿಲಲ್ಲಿ ನಿಂತೂ ನಿಂತೂ ಸಾಕಾಗಿದ್ದ ಹುಡುಗಿ, “ತೀರ್ಮಾನ ಆದ್ಮೇಲೆ ಕರೀರಿ ಮಾವ,” ಎಂದು ಒಳಗೆ ಹೋದಳು. ಅಷ್ಟರಲ್ಲಿ ಫೋನು ಬಂತೆಂದು ತಮ್ಮ ಮಾತಾಡುತ್ತ ಬೀದಿ ತಿರುವಿನಾಚೆ ಹೋದ. ಅಣ್ಣನಿಗೆ ರೇಗಿಹೋಯಿತು. ಈ ತಲೆಹರಟೆಯ ಜೊತೆ ಇನ್ನು ವಾದ ಬೇಡ, ಅವನೇ ಕರೆತರಲಿ ಎಂದು ಕಾರಿನ ಬಾಗಿಲು ದಢಾರನೆ ಹಾಕಿಕೊಂಡು ಹೊರಟೇಬಿಟ್ಟ. ದಾರಿಯುದ್ದಕ್ಕೂ ಸ್ಟೇರಿಂಗಿನ ಮೇಲೆ ಸಿಟ್ಟು ತೀರಿಸಿಕೊಂಡ.

ಛತ್ರದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದವರಿಗೆ, “ಹಿಂದೆ ಬರ್ತಿದ್ದಾಳೆ,” ಎಂದು ಗೊಣಗಿದ.

ಎಸ್ಟೀಮ್ ಬಂದು ನಿಂತಿತು, ವಾಲಗ ಶುರುವಾಯಿತು. ತಮ್ಮ ಮುಖ ಊದಿಸಿಕೊಂಡು ಇಳಿದ.

“ಗೆದ್ದೆ ಬಿಡಣ್ಣ. ಒಂದು ಮಾತೂ ಹೇಳದೆ ಅವಳನ್ನ ಕೂರಿಸ್ಕೊಂಡು ಬಂದುಬಿಟ್ಟೆಯಲ್ಲ.”