ದಂಡೆಯ ಬೀದಿಯ ಸಂಸದೆ

ಬ್ರಿಟನ್ನಿನಲ್ಲಿ ಸಂಸದರು ಯಾವ ಮಸೂದೆ ತಂದರೂ ಮೊದಲ ಒಂದು ವರ್ಷ ಅದು ಅವರ ಮನೆಗೆ ಮಾತ್ರ ಅನ್ವಯಿಸುತ್ತದೆ. ಹಾಗಾಗಿ ಸಂಸದೆ ಎನಿಡ್ ಹಾರ್ಕರ್ ಮನೆಯಲ್ಲಿ ಅವಳ ಮೊದಲ ಅವಧಿಯ ಮಸೂದೆಗೆ ಕಾರು ಹೋಯಿತು, ಎರಡನೆಯದಕ್ಕೆ ಹೀಟರು. ಗಂಡ ರೂಪರ್ಟ್ ಸ್ವೆಟರಿನ ಮೇಲೆ ಸ್ವೆಟರು ತೊಟ್ಟ. ಈ ಸಲ ಅವಳು ತಂದದ್ದು ಸಮುದ್ರ ಕೊರೆಯುತ್ತಿದ್ದ ದಂಡೆಯ ಬೀದಿಗಳನ್ನು ತೆರವು ಮಾಡಿಸುವ ಮಸೂದೆ. ಅವರ ಮನೆಯೂ ಅಂಥದೊಂದು ಬೀದಿಯಲ್ಲೇ ಇತ್ತು.

ಲಾರಿಗೆ ಮಂಚ ಏರಿಸುವಾಗ ನೆರೆಯವರು ಕಿಟಕಿಗಳಿಂದ ನೋಡುತ್ತಿದ್ದರು. ಯಾರೂ ಕೈಜೋಡಿಸಲಿಲ್ಲ.

"ಇವರನ್ನೂ ಎಬ್ಬಿಸಿದ್ರೆ ಮುಂದಿನ ಸಲ ನಿಂಗೆ ಒಬ್ರೂ ಓಟು ಹಾಕಲ್ಲ," ಎಂದ ರೂಪರ್ಟ್.

"ಹಾಕದಿದ್ರೆ ಬೇಡ. ಓಟು ಹಾಕೋಕೆ ಬದುಕಿರಲಿ, ಸಾಕು," ಎನ್ನುತ್ತ ಎನಿಡ್ ಹಗ್ಗ ಬಿಗಿದಳು.

ರೂಪರ್ಟ್ ಒಳಗೆ ಹೋಗಿ, ತನ್ನ ಕೈಯಾರೆ ಮಾಡಿದ್ದ ಅಡುಗೆಮನೆಯ ಕಪಾಟುಗಳನ್ನು ಬಿಚ್ಚತೊಡಗಿದ.

ವರ್ಷ ಕಳೆದು ಮಸೂದೆ ಕಾನೂನಾಯಿತು. ಬೀದಿಯ ಜನ ಬೈಯುತ್ತಲೇ ಗುಡ್ಡದ ಮೇಲಿನ ಹೊಸ ಮನೆಗಳಿಗೆ ಹೋದರು. ಚುನಾವಣೆಯಲ್ಲಿ ಎನಿಡ್ ಸೋತಳು.

ಅದೇ ಚಳಿಗಾಲದಲ್ಲಿ ಸಮುದ್ರ ನುಗ್ಗಿತು. ಖಾಲಿ ಮನೆಗಳು ಒಂದೊಂದಾಗಿ ಕುಸಿಯುವುದನ್ನು ಜನ ಗುಡ್ಡದಂಚಿನಲ್ಲಿ ನಿಂತು ನೋಡಿದರು. ಎನಿಡ್ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಆ ಸಾಲಿನುದ್ದಕ್ಕೂ ನಡೆದಳು.

ಎಲ್ಲರೂ ಇದ್ದರು.