ಹಿಮ ಹೊಡೆದ ಗಿಡ

ಬಂದ ತಜ್ಞರು ಗಿಡದ ಕಡೆ ತಿರುಗಿಯೂ ನೋಡದೆ ಒತಿಯಾನ ಕೈ ಹಿಡಿದರು. ಹಿಡಿದ ಕೈಯನ್ನು ಬೇಗ ಬಿಡಲೂ ಇಲ್ಲ.

"ಗಿಡ ಅಲ್ಲಿದೆ," ಎಂದ ಒತಿಯಾ, ಬಾಲ್ಕನಿಯ ಮೂಲೆಗೆ ಗಲ್ಲ ತಿರುಗಿಸಿ.

"ನೋಡೋಣ, ಆತುರ ಏನು. ಮೊದಲು ಸಾಕಿದವರನ್ನ ನೋಡಬೇಕು," ಎಂದರು ತಜ್ಞ ಬೆಸಾರಿಯೋನ್.

ಮಾತು ಒತಿಯಾನಿಗೆ ಹಿಡಿಸಿತು. ಕುತಾಯಿಸಿ ನಗರದಿಂದ ಇಷ್ಟು ದೂರ ಈ ಬೆಟ್ಟದ ಹಳ್ಳಿಗೆ ಬಂದ ಮನುಷ್ಯ ಸುಮ್ಮನೆ ಬಂದವನಲ್ಲ ಅನ್ನಿಸಿತು. ಇವರನ್ನು ಹುಡುಕಿದವಳು ಹೆಂಡತಿ ಮೆದೇಯಾ. ಚಿತ್ರ ಕಳಿಸಿ, ಕಾಡಿ ಬೇಡಿ ಕರೆಸಿದ್ದಳು. ಒತಿಯಾನಿಗೆ ಅದೇ ಆಶ್ಚರ್ಯ. ಮದುವೆಯಾದಂದಿನಿಂದ ಆ ಗಿಡವನ್ನು ಸವತಿ ಎಂದೇ ಕರೆದವಳು ಅವಳು.

ಅದು ಸದಾ ಹಸಿರಾಗಿರುವ, ಸಣ್ಣೆಲೆಯ ಬಾಕ್ಸ್‌ವುಡ್ ಗಿಡ. ಹರೆಯದಲ್ಲಿ ಒತಿಯಾ ಕಣಿವೆಯ ಕಾಡಿನಿಂದ ಬೆರಳುದ್ದದ ಸಸಿ ತಂದು, ಚಪ್ಪಟೆ ಕುಂಡದಲ್ಲಿ ನೆಟ್ಟು, ಬೇರು ಸವರಿ, ತಂತಿ ಸುತ್ತಿ, ಮೊಣಕಾಲೆತ್ತರದ ಮುದಿಮರ ಮಾಡಿದ್ದ. ಆಮೇಲೆ ಹುಳು ಬಿದ್ದು ಕಣಿವೆಯ ಕಾಡೆಲ್ಲ ಬೋಳಾಯಿತು. ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ, ಗರಿಯ ಬದಲು ಚರ್ಚಿಗೆ ಒಯ್ಯಲು ಊರಿನವರಿಗೆ ಒಂದು ರೆಂಬೆಯೂ ಸಿಗದಂತಾಯಿತು. ಉಳಿದದ್ದು ಇದೊಂದೇ.

ಅದನ್ನೂ ಈ ಚಳಿಗಾಲ ತಿಂದಿತ್ತು. ತಪ್ಪು ತನ್ನದೇ ಎಂದು ಒತಿಯಾ ನಂಬಿದ್ದ. ಜ್ವರದಲ್ಲಿ ಪ್ರಜ್ಞೆ ತಪ್ಪಿದವನನ್ನು ನೆರೆಯವರು ಹೊತ್ತು ನಗರದ ಆಸ್ಪತ್ರೆಗೆ ಹಾಕಿದ್ದರು. ಎಚ್ಚರವಾದದ್ದೇ ಜಗಳವಾಡಿ ಮನೆಗೆ ಬಂದಿದ್ದ. ಆದರೂ ಹಾಸಿಗೆ ಬಿಟ್ಟೇಳಲು ವಾರಗಳು ಹಿಡಿದವು. ಅಷ್ಟರಲ್ಲಿ ಬಾಲ್ಕನಿಯಲ್ಲಿದ್ದ ಕುಂಡದ ಮಣ್ಣು ಕಲ್ಲಾಗಿ ಹೆಪ್ಪುಗಟ್ಟಿತ್ತು. ಮೂಡಣ ಗಾಳಿ ಎಲೆಗಳ ನೀರು ಹೀರಿತ್ತು. ಹಸಿರೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿತ್ತು.

ಬೆಸಾರಿಯೋನ್ ಕುಂಡದ ಮುಂದೆ ಬಗ್ಗಿದರು. ಒಂದು ಎಲೆ ಮುಟ್ಟಿದರು.

"ಇದನ್ನ ಬೆಳಕಿಗೆ ತರ್ತೀರಾ?"

ಒತಿಯಾ ಕುಂಡ ಎತ್ತಿದ. ನಾಲ್ಕು ಹೆಜ್ಜೆಗೆ ನಿಂತು ಉಸಿರು ಎಳೆದುಕೊಂಡ. "ಮಣ್ಣು ಒದ್ದೆ. ಭಾರ," ಎಂದ.

"ನಿದ್ದೆ ಬರುತ್ತಾ ನಿಮಗೆ?"

"ಇದು ಹೀಗಿರುವಾಗ ಎಲ್ಲಿಯ ನಿದ್ದೆ. ಊಟವೂ ಸೇರಲ್ಲ."

ಅವರು ತಲೆಯಾಡಿಸಿದರು. ಮೆದೇಯಾ ಚೀಸ್ ರೊಟ್ಟಿ ಮುರಿದಿಟ್ಟಳು, ವೈನ್ ಸುರಿದಳು. ಮನೆಯ ಯಜಮಾನನಾಗಿ ಒತಿಯಾ ಬಟ್ಟಲೆತ್ತಿದ. "ನಮ್ಮ ರೋಗಿಯ ಆಯುಸ್ಸಿಗೆ," ಎಂದ. ಬೆಸಾರಿಯೋನ್ ತಮ್ಮ ಬಟ್ಟಲನ್ನು ಎತ್ತಲು ತುಸು ತಡಮಾಡಿದರು.

ಅವರನ್ನು ಬೀಳ್ಕೊಡಲು ಮೆದೇಯಾ ಹೊರಮೆಟ್ಟಿಲು ಇಳಿದಳು. ಕಂಬಕ್ಕೆ ಒರಗಿದ್ದ ಒತಿಯಾನಿಗೆ ಕೆಳಗಿನ ಮಾತು ಸ್ಪಷ್ಟವಾಗಿ ಕೇಳಿಸಿತು.

"ಚಿತ್ರ ನೋಡಿದಾಗಲೇ ಗೊತ್ತಾಗಿತ್ತು ಅಮ್ಮ. ಇವತ್ತು ಕಣ್ಣಾರೆ ನೋಡಿದೆ."

"ಕತ್ತರಿ ಹಾಕಿದ್ರೆ?"

"ಆ ಕಾಲ ದಾಟಿದೆ. ಈಗ ಹಾಕಿದ್ರೆ ಇನ್ನೂ ಬೇಗ ಮುಗಿಯುತ್ತೆ."

"ದ್ರಾಕ್ಷಿ ಕೊಯ್ಲಿನವರೆಗಾದ್ರೂ..."

"ಆಸೆ ಇಟ್ಕೋಬೇಡಿ. ಹಿಂಸೆ ಮಾಡಬೇಡಿ, ಅಷ್ಟೆ. ನೆಮ್ಮದಿಯಾಗಿರಲಿ."

ಮೆದೇಯಾ ಮೇಲೆ ಬಂದಾಗ ಕಣ್ಣು ಕೆಂಪಾಗಿತ್ತು.

"ಏನಂತೆ?" ಎಂದ ಒತಿಯಾ.

"ಸರಿಹೋಗುತ್ತಂತೆ. ನೆರಳಲ್ಲಿ ಕೂತ್ಕೊಂಡು ನೋಡ್ಕೋ ಅಂದ್ರು."

ಸವತಿಗಾಗಿ ಅತ್ತಿದ್ದಾಳಲ್ಲ ಎಂದುಕೊಂಡ ಒತಿಯಾ. ಕೇಳಿಸಿಕೊಂಡದ್ದನ್ನು ಹೇಳಬಾರದೆಂದು ನಿಶ್ಚಯಿಸಿದ. ಅವಳ ಸುಳ್ಳು ಅವಳಿಗೇ ಇರಲಿ.

ಆಸೆಯಿಲ್ಲದೆಯೇ ಆರೈಕೆ ಮಾಡಿದ. ಕುಂಡವನ್ನು ಗಾಳಿ ತಾಕದ ಬಡಗಣ ಗೋಡೆಗೆ ಸರಿಸಿದ. ಮಣ್ಣಿಗೆ ಬೆರಳಿಳಿಸಿ, ಒಣಗಿದ್ದರಷ್ಟೇ ನೀರು ಕೊಟ್ಟ. ಬೆಳಗ್ಗೆ ಎಲೆಗಳಿಗೆ ಹನಿ ಚಿಮುಕಿಸಿದ. ಗೊಬ್ಬರ ಹಾಕಲಿಲ್ಲ, ಬಳಲಿದ ಬೇರಿಗೆ ಅದು ವಿಷ. ಸತ್ತಂತೆ ಕಂಡ ಕೊಂಬೆಗಳನ್ನೂ ಕತ್ತರಿಸಲಿಲ್ಲ. ಒಳಗೆ ಏನು ಉಳಿದಿದೆಯೋ ಯಾರು ಬಲ್ಲರು.

ಎಲೆಗಳು ಉದುರುತ್ತಲೇ ಹೋದವು. ಗರಿಗಳ ಭಾನುವಾರ ಬಂತು, ಹೋಯಿತು. ಒತಿಯಾ ಪಕ್ಕದಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದ; ಬರಬರುತ್ತ ಅಲ್ಲಿಂದ ಏಳುವುದೇ ಕಡಿಮೆಯಾಯಿತು. ಮೆದೇಯಾ ಹೊಲದ ಕೆಲಸ ಬಿಟ್ಟು ಬಂದು ಜೊತೆಗೆ ಕೂರುತ್ತಿದ್ದಳು. ಬೈಯುತ್ತಿರಲಿಲ್ಲ. ಕೇಳಿದಷ್ಟು ವೈನ್ ಸುರಿಯುತ್ತಿದ್ದಳು.

"ಏನೇ, ಬೈಗುಳ ಮರೆತುಹೋಯ್ತಾ?" ಎಂದು ಒತಿಯಾ ಕೆಣಕಿದ.

"ಕೂಡಿಡ್ತಾ ಇದೀನಿ ಮುದುಕಾ. ಒಟ್ಟಿಗೆ ಬೈತೀನಿ."

ಜೂನ್ ಶುರುವಿನ ಒಂದು ಬೆಳಗ್ಗೆ ಒತಿಯಾ ಉಗುರಿನಿಂದ ಕೊಂಬೆಯ ತೊಗಟೆ ಕೆರೆದ. ದಿನಾ ಕಂದು ಕಾಣುತ್ತಿದ್ದಲ್ಲಿ ತೇವದ ಹಸಿರು. ಕನ್ನಡಕ ಹಾಕಿಕೊಂಡು ನೋಡಿದ. ಕಾಂಡದ ಗಂಟುಗಳಲ್ಲಿ ರಾಗಿ ಕಾಳಿನಷ್ಟು ಮೊಗ್ಗುಗಳು ಎದ್ದಿದ್ದವು.

"ಮೆದೇಯಾ!"

ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಕೂತ್ಕೋ. ಒಂದು ವಿಷಯ ಹೇಳಬೇಕು. ಆವತ್ತು ಮೆಟ್ಟಿಲ ಹತ್ರ ಬೆಸಾರಿಯೋನ್ ಆಡಿದ್ದೆಲ್ಲ ನಾನು ಕೇಳಿಸ್ಕೊಂಡಿದ್ದೆ."

ಮೆದೇಯಾಳ ಮುಖದಿಂದ ರಕ್ತ ಇಳಿದುಹೋಯಿತು. "ಎಲ್ಲಾ?"

"ಎಲ್ಲಾ. ಕೊಯ್ಲು ಕಾಣಲ್ಲ ಅಂದದ್ದೂ ಕೇಳಿಸ್ತು. ನೀನು ಅಳ್ತೀಯ ಅಂತ ಸುಮ್ನಿದ್ದೆ."

"ಒತಿಯಾ... ನಾನು ಹೇಗೆ ಹೇಳಲಿ ಅಂತ..."

"ಹೇಳೋದೇನೂ ಬೇಡ. ಇಲ್ನೋಡು," ಎಂದು ಅವನು ಅವಳ ಬೆರಳನ್ನು ಮೊಗ್ಗಿನ ಮೇಲಿಟ್ಟ. "ಬದುಕಿತು ನಿನ್ನ ಸವತಿ. ನಿನ್ನ ತಜ್ಞನ ಲೆಕ್ಕ ತಲೆಕೆಳಗಾಯ್ತು."

ಅವಳು ಮೊಗ್ಗು ನೋಡಿದಳು. ಅವನ ಮುಖ ನೋಡಿದಳು. ಅಲ್ಲೇ ನೆಲಕ್ಕೆ ಕುಸಿದು, ತನ್ನ ಅಂಗಿಯ ತೋಳಿಗೆ ಮುಖ ಒತ್ತಿ ಬಿಕ್ಕತೊಡಗಿದಳು.

"ಅಳೋದ್ಯಾಕೆ ಮಾರಾಯ್ತಿ, ನಗು," ಎಂದು ಒತಿಯಾ ಅವಳ ತಲೆ ನೇವರಿಸಿದ. "ಇನ್ನೊಂದ್ಸಲ ಕರೆಸು ಆ ಮನುಷ್ಯನನ್ನ. ಬಂದು ನೋಡಲಿ."

ಬೆಸಾರಿಯೋನ್ ಅವರಿಗೆ ಗಿಡಗಳ ಗಂಧಗಾಳಿಯೂ ಇರಲಿಲ್ಲ. ಕುತಾಯಿಸಿಯಲ್ಲಿ ಅವರು ಕ್ಯಾನ್ಸರ್ ವೈದ್ಯರಾಗಿದ್ದರು.