ಮೊಂಡಾದ ದಬ್ಬಣ

ಎತ್ತಿದ ಸುತ್ತಿಗೆಯನ್ನು ಅವಳು ಮೊಳೆಯ ಮೇಲೆ ಹೊಡೆಯಲಿಲ್ಲ. ಬೇಕೆಂದೇ ತನ್ನ ಎಡಗೈ ಹೆಬ್ಬೆರಳ ಮೇಲೆ ಬಿಟ್ಟಳು. ಉಗುರು ಕಪ್ಪಿಟ್ಟಿತು. ಅವಳು ಮುಖ ಕೂಡ ಕಿವುಚಲಿಲ್ಲ.

“ಅನುಭವಿಸು ಮಗನೇ,” ಅಂದಳು.

ಎದುರಂಗಡಿಯ ಸಾಣೆ ಚಕ್ರ ಕಿರ್ರೆಂದು ನಿಂತಿತು. ಆ ಸಾಣೆಯವನೊಬ್ಬ ಸೋಮಾರಿ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಕೆಲಸ ಬಿಟ್ಟು ಗೋಡೆಗೆ ಒರಗುತ್ತಿದ್ದ.

ಬೂಟು ಹೊಲಿಯುವ ಈ ಹೆಣ್ಣಿನ ತಾಯಿಯ ವಂಶದಲ್ಲಿ ಒಂದು ವಿಚಿತ್ರವಿತ್ತು. ಹಣೆಯಲ್ಲಿ ಬರೆದ ಗಂಡಸು ಹತ್ತಿರ ಬಂದ ದಿನದಿಂದ ಗಾಯ ಮಾತ್ರ ಇವರದು, ನೋವೆಲ್ಲ ಅವನದು. ಅಜ್ಜಿ ಐದು ಹೆತ್ತಳು. ಐದು ಸಲವೂ ಬೀದಿಗೆಲ್ಲ ಕೇಳುವಂತೆ ಚೀರಿದ್ದು ತಾತ. ಇದನ್ನು ಗಂಡಸಿಗೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅವನಿಗೇ ತಿಳಿಯಬೇಕು.

ಇವಳ ಪಾಲಿಗೆ ಬಂದವನು ಸ್ಟುಡಿಯೋದ ಫೋಟೋದವನು. ಮೂರು ವರ್ಷದ ಹಿಂದೆ ಕಿತ್ತುಹೋದ ಬೂಟು ಹಿಡಿದು ಬಂದಿದ್ದ. ಎದುರಿಗೆ ಅಂದೇ ಹೂಡಿದ್ದ ಸಾಣೆಯ ಗಲಾಟೆಯಲ್ಲಿ ಅವನ ಮಾತು ಕೇಳಿಸದೆ ತಲೆಯೆತ್ತಿದಳು. ಸೂಜಿ ಬೆರಳಿಗೆ ಹೊಕ್ಕಿತು. ನೋಯಲಿಲ್ಲ! ಇನ್ನೇನು ಬೇಕು? ಮನಸ್ಸು ಕೊಟ್ಟಳು. ಅವನಿಗೆ ನೋಯಬಾರದೆಂದು ತನ್ನ ಕೈಕಾಲನ್ನು ಗಾಜಿನ ಸಾಮಾನಿನ ಹಾಗೆ ಕಾಪಾಡಿದಳು. ಗಿರಣಿ ಯಜಮಾನನ ಮಗಳು ಸಿಕ್ಕಿದ್ದೇ ತಡ, ಅವನು ಕೈಕೊಟ್ಟ.

ಅಂದಿನಿಂದ ಇವಳಿಗೆ ಒಂದೇ ಹಟ. ಕುದಿಯುವ ಅಂಟಿಗೆ ಬೆರಳಿಟ್ಟಳು, ಮೊಣಕಾಲನ್ನು ಮೇಜಿಗೆ ಗುದ್ದಿದಳು. ಫೋಟೋದವನು ಕುಂಟಿಕೊಂಡು ಹೋಗುವುದನ್ನು ಕಂಡ ದಿನ ಎರಡು ತುತ್ತು ಹೆಚ್ಚಿಗೆ ಉಂಡಳು.

ಇವತ್ತು ಹನ್ನೊಂದು ಗಂಟೆಗೆ ಅವನ ಮದುವೆ, ರಿಜಿಸ್ಟ್ರಾರ್ ಕಚೇರಿಯಲ್ಲಿ. ಸಹಿ ಹಾಕುವ ಕೈ ಸಹಿ ಹಾಕಬಾರದು. ಅದಕ್ಕೇ ದಬ್ಬಣವನ್ನು ಸಾಣೆಗೆ ಕೊಟ್ಟಿದ್ದಳು. ಸಾಣೆಯವನು ಅದನ್ನು ತಂದ. ಅವನ ಎಡಗೈ ಜೇಬಿನಲ್ಲಿತ್ತು.

“ಇದನ್ನ ಚೂಪು ಮಾಡಿ ಅಂತ ಕೊಟ್ಟಿದ್ದಾ, ಮೊಂಡು ಮಾಡಿ ಅಂತಾನಾ? ಬೆಣ್ಣೆಗೂ ಇಳಿಯಲ್ಲ! ಹೋದ ವಾರ ಚಾಕೂನೂ ಹೀಗೇ ಮಾಡಿದ್ರಿ.”

“ಬೂಟಿಗೆ ಇಷ್ಟು ಸಾಕು ಬಿಡಿ,” ಅಂದ ಅವನು. “ಕೈ ಜೋಪಾನ.”

“ನನ್ನ ಕೈ ಚಿಂತೆ ನಿಮಗ್ಯಾಕೆ?”

ಅವನು ತಲೆ ತಗ್ಗಿಸಿ ಹೋದ. ಅವಳು ದಬ್ಬಣವನ್ನು ಕಲ್ಲಿಗೆ ತಾನೇ ಉಜ್ಜತೊಡಗಿದಳು. ಮೂಲೆಯಲ್ಲಿ ಬೂಟಿನೊಳಗೆ ಅಸ್ತರಿ ಕೂರಿಸುತ್ತಿದ್ದ ಚಿಕ್ಕಮ್ಮ ಕನ್ನಡಕ ಏರಿಸಿದಳು.

“ಆ ಫೋಟೋದವನು ಒದ್ದಾಡೋದನ್ನ ಒಂದು ಸಲಾನಾದ್ರೂ ಕಣ್ಣಾರೆ ನೋಡಿದ್ದೀಯೇನೇ?”

“ಇವತ್ತು ನೋಡ್ತೀನಿ, ಚಿಕ್ಕಮ್ಮ.”

ಹತ್ತಕ್ಕೆ ಮದುಮಗನೇ ಬಂದುಬಿಡಬೇಕೆ! ಸೂಟು ಹಾಕಿದ್ದ, ಕುಂಟುತ್ತಿದ್ದ. ನಾಚಿಕೆ ಮಾತ್ರ ಲವಲೇಶವೂ ಇರಲಿಲ್ಲ.

“ಹೊಸ ಬೂಟು, ತಿಂಗಳಿಂದ ಕಚ್ತಾ ಇದೆ. ಜಪ್ಪಯ್ಯ ಅಂದ್ರೂ ಬಗ್ಗಲ್ಲ. ಸ್ವಲ್ಪ ಹಿಗ್ಗಿಸಿಕೊಡು. ಹಳೇದೆಲ್ಲ ಮರೆತಿದ್ದೀಯ ತಾನೇ?”

“ಕೂತ್ಕೊ,” ಅಂದಳು. ಕಚೇರಿಯ ತನಕ ಹೋಗುವ ಕೆಲಸವೂ ತಪ್ಪಿತು. ಇಲ್ಲೇ, ಮೂರು ಅಡಿ ದೂರದಲ್ಲಿ, ಅವನು ಕಿರುಚುವುದನ್ನು ನೋಡಬಹುದು.

ಬೂಟನ್ನು ಮೇಜಿನ ಮೇಲಿಟ್ಟಳು. ದಬ್ಬಣವನ್ನು ಎಡಗೈಗೆ ತೆಗೆದುಕೊಂಡು ಬಲ ಅಂಗೈ ಬಿಚ್ಚಿದಳು. ಎದುರಿಗೆ ಚಕ್ರ ಒಂದೇ ಸಮ ಕಿರುಗುಟ್ಟುತ್ತಿತ್ತು.

“ನನ್ನ ಕಡೆ ನೋಡು,” ಅಂದು ಒತ್ತಿದಳು.

“ಥೂ, ರಕ್ತ!” ಅವನು ಬೂಟನ್ನು ಸರಕ್ಕನೆ ಎಳೆದುಕೊಂಡ. “ಕಲೆಯಾದ್ರೆ ಏನು ಗತಿ?”

ಅವಳು ಕಾದಳು. ಇನ್ನಷ್ಟು ಒತ್ತಿದಳು. ಅವನು ಅದೇ ಬಲಗೈಯಿಂದ ಕೂದಲು ತೀಡಿಕೊಂಡು ಗಡಿಯಾರ ನೋಡಿದ.

“ಬೇಗ ಆಗುತ್ತಾ? ಅವಳು ಕಾಯ್ತಿರ್ತಾಳೆ.”

ಅಂಗಡಿ ಇದ್ದಕ್ಕಿದ್ದಂತೆ ನಿಶ್ಶಬ್ದವಾಗಿತ್ತು. ಏನು ನಿಂತಿತೆಂದು ಅವಳು ಬಾಗಿಲಾಚೆ ನೋಡಿದಳು.

ಸಾಣೆಯವನು ಚಕ್ರದ ಬುಡದಲ್ಲಿ ಕುಸಿದು, ಕೂಗು ಹೊರಬೀಳದಂತೆ ಅಂಗಿಯ ತೋಳು ಕಚ್ಚಿಕೊಂಡು, ಒಂದು ಗೀರೂ ಇಲ್ಲದ ತನ್ನ ಬಲ ಅಂಗೈಯನ್ನು ಎದೆಗೆ ಅವುಚಿಕೊಂಡಿದ್ದ.